ಪ್ರವಾಹಕ್ಕೆ ಮುಂಚೆ ಲೆಕ್ಕ ಹಾಕಿದ ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯನವರೆಂದರೆ ನಮ್ಮ ರೈತರಿಗೆ ಮೊದಲು ನೆನಪಾಗುವುದು ಕನ್ನಂಬಾಡಿ ಕಟ್ಟೆ. ಮಂಡ್ಯದ ಕಡೆಯವರಂತೂ ದೇವರ ಪಟದ ಪಕ್ಕದಲ್ಲೇ ಅವರ ಪಟ ಇಟ್ಟುಕೊಂಡಿದ್ದಾರೆ. ಅವರ ಸಮಯಪಾಲನೆ, ಎರಡು ಮೇಣದಬತ್ತಿಯ ಕಥೆ, ಪೇಟ, ಕೋಟು ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಕನ್ನಂಬಾಡಿಗೆ ಕೈ ಹಾಕುವ ಮೊದಲು, 1909ರಲ್ಲಿ, ಅವರು ಹೈದರಾಬಾದಿನಲ್ಲಿ ಕೆಲವೇ ತಿಂಗಳು ಮಾಡಿದ ಒಂದು ಕೆಲಸವಿದೆ. ಕೆರೆಯ ಕೆಳಗೆ ಗದ್ದೆ ಇರುವ ಪ್ರತಿಯೊಬ್ಬ ರೈತನಿಗೂ ಅದು ನೇರವಾಗಿ ಸಂಬಂಧಪಟ್ಟದ್ದು. ಆದರೂ ಅದರ ಮಾತು ನಮ್ಮ ಹಳ್ಳಿಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಬರ, ನೆರೆ, ಬಿರುಗಾಳಿ ಬಂದಾಗ ಸರ್ಕಾರಗಳು ಗಂಜಿ ಕೇಂದ್ರ ತೆರೆಯುತ್ತವೆ, ಪರಿಹಾರ ಹಂಚುತ್ತವೆ. ಅದು ಬೇಕಾದದ್ದೇ. ಆದರೆ ಆ ಹಣದಲ್ಲಿ ಎಷ್ಟನ್ನು ಹಾನಿಗೆ ಮೊದಲೇ ಖರ್ಚು ಮಾಡಿದರೆ ಹಾನಿ ಎಷ್ಟು ಕಡಿಮೆಯಾಗುತ್ತದೆ ಎಂದು ಅಂಕಿಗಳನ್ನು ಮುಂದಿಟ್ಟುಕೊಂಡು ಕೂತವರು ನಮ್ಮ ದೇಶದಲ್ಲಿ ಹೆಚ್ಚು ಮಂದಿ ಇರಲಿಲ್ಲ. ವಿಶ್ವೇಶ್ವರಯ್ಯನವರು ಹಾಗೆ ಕೂತವರಲ್ಲಿ ಮೊದಲಿಗರು.

ಬರ ಕಂಡ ಹುಡುಗ

ಅವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಅದು ಆಗಿನ ಕೋಲಾರ ಜಿಲ್ಲೆಯ ಸೀಮೆ. ವರ್ಷವಿಡೀ ಹರಿಯುವ ಹೊಳೆ ಅಲ್ಲಿಲ್ಲ. ಕೆರೆ ತುಂಬಿದರೆ ಅನ್ನ, ತುಂಬದಿದ್ದರೆ ಇಲ್ಲ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಹೈಸ್ಕೂಲಿನ ವಯಸ್ಸಿನಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಅದರಿಂದಲೇ ಸೆಂಟ್ರಲ್ ಕಾಲೇಜಿನ ಓದು ಸಾಗಿಸಿದರು.

ಆ ಓದಿನ ದಿನಗಳಲ್ಲೇ ಮೈಸೂರು ಸಂಸ್ಥಾನಕ್ಕೆ 1876ರಿಂದ 78ರವರೆಗಿನ ಮಹಾ ಬರ ಬಂತು. ನಮ್ಮ ಅಜ್ಜಂದಿರು ಅದನ್ನು ಧಾತು ಸಂವತ್ಸರದ ಬರ ಎಂದು ಹೇಳುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಎತ್ತು, ಎಮ್ಮೆಗಳ ಲೆಕ್ಕ ಕೇಳುವುದೇ ಬೇಡ. ಬೊಕ್ಕಸದಲ್ಲಿ ಉಳಿತಾಯವಾಗಿದ್ದ ಹಣ ಕರಗಿಹೋಯಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ, ಬರದ ಸಾಲವೆಂದು 80 ಲಕ್ಷ ರೂಪಾಯಿಯ ಹೊರೆಯೂ ಜೊತೆಗೆ ಬಂತು. ಆ ಕಾಲದ 80 ಲಕ್ಷ ಅದು. ಎಷ್ಟು ಕೆರೆಗಳ ಹೂಳು ತೆಗೆಸಬಹುದಿತ್ತು, ಎಷ್ಟು ಏರಿ ಗಟ್ಟಿ ಮಾಡಬಹುದಿತ್ತು ಎಂದು ಓದುಗರೇ ಅಂದಾಜು ಮಾಡಿಕೊಳ್ಳಬಹುದು. ಬರ ನಡೆಯುತ್ತಿದ್ದಾಗ ವಿಶ್ವೇಶ್ವರಯ್ಯನವರಿಗೆ ಹದಿನೈದು, ಹದಿನಾರು ವರ್ಷ.

ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ಸೇರಿದರು. ನಾಸಿಕ್, ಧುಳೆ, ಸಿಂಧ್ ಪ್ರಾಂತದ ಸುಕ್ಕೂರು, ಸೂರತ್, ಪುಣೆ ಹೀಗೆ ಸುಮಾರು ಇಪ್ಪತ್ತನಾಲ್ಕು ವರ್ಷ ಅಲ್ಲೇ ಕೆಲಸ.

ನೀರುಗಂಟಿ ಬೇಡದ ಬಾಗಿಲು

ಪುಣೆಗೆ ಕುಡಿಯುವ ನೀರನ್ನೂ ಅದರ ಸುತ್ತಿನ ಜಮೀನಿಗೆ ಸಾಗುವಳಿಯ ನೀರನ್ನೂ ಕೊಡುತ್ತಿದ್ದದ್ದು ಮೂಠಾ ಹೊಳೆಗೆ ಕಟ್ಟಿದ ಖಡಕವಾಸಲಾ ಜಲಾಶಯ. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬೀಳುತ್ತಿತ್ತು. ಬೇಸಿಗೆಯಲ್ಲಿ ನೀರು ಸಾಲದೆ ಪರದಾಟ. ಕಟ್ಟೆಯನ್ನು ಎತ್ತರಿಸಿದರೆ ಖರ್ಚು ಬಹಳ. ಕೋಡಿಯ ಮೇಲೆ ಹಲಗೆ ಕಟ್ಟಿ ನೀರು ನಿಲ್ಲಿಸಿದರೆ ನೆರೆ ಬಂದ ರಾತ್ರಿ ಕಟ್ಟೆಗೇ ಅಪಾಯ. ನಮ್ಮ ಊರುಗಳಲ್ಲೂ ಕೋಡಿಗೆ ಕಲ್ಲು, ಮಣ್ಣಿನ ಮೂಟೆ ಇಟ್ಟು ಒಂದಡಿ ನೀರು ಹೆಚ್ಚಿಗೆ ನಿಲ್ಲಿಸಿಕೊಳ್ಳುವವರು ಇದ್ದಾರೆ. ಆಮೇಲೆ ನಡುರಾತ್ರಿ ಮಳೆ ಹೊಯ್ದಾಗ ಆ ಮೂಟೆ ಕೀಳುವವರು ಯಾರೂ ಇರುವುದಿಲ್ಲ.

ವಿಶ್ವೇಶ್ವರಯ್ಯನವರು ಇದಕ್ಕೆ ತಾನಾಗಿ ತೆರೆದು ತಾನಾಗಿ ಮುಚ್ಚುವ ಉಕ್ಕಿನ ಬಾಗಿಲುಗಳನ್ನು ಯೋಚಿಸಿದರು. ತೂಕಕ್ಕೆ ಎದುರುತೂಕ ಕೊಟ್ಟು ನಿಲ್ಲಿಸಿದ ಬಾಗಿಲು. ನೀರು ಗೊತ್ತುಪಡಿಸಿದ ಮಟ್ಟ ಮೀರಿತೆಂದರೆ ತಕ್ಕಡಿ ವಾಲಿದ ಹಾಗೆ ಬಾಗಿಲು ತೆರೆದುಕೊಳ್ಳುತ್ತದೆ. ನೆರೆ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. 1903ರ ಸುಮಾರಿಗೆ ಅವನ್ನು ಖಡಕವಾಸಲಾದಲ್ಲಿ ಕೂರಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಎಂಟು ಅಡಿಯಷ್ಟು ಹೆಚ್ಚು ನೀರು ನಿಂತಿತು. ಗ್ವಾಲಿಯರಿನಲ್ಲೂ, ಮುಂದೆ ಕನ್ನಂಬಾಡಿಯಲ್ಲೂ ಇದೇ ಬಗೆಯ ಬಾಗಿಲುಗಳನ್ನು ಬಳಸಿದರು. ನೆರೆಯನ್ನೂ ಬರವನ್ನೂ ಒಂದೇ ಬಾಗಿಲಿನಿಂದ ನಿಭಾಯಿಸುವ ಉಪಾಯ ಇದು.

ಆದರೆ ಯಂತ್ರಕ್ಕಿಂತ ಕಷ್ಟವಾದದ್ದು ಜನರ ನಡುವೆ ನೀರು ಹಂಚುವ ಕೆಲಸ. ಮುಂಬಯಿ ಪ್ರಾಂತದ ಬಯಲುಸೀಮೆಯಲ್ಲಿ 1896-97ರಲ್ಲೂ 1899-1900ರಲ್ಲೂ ಬರ ಬಂತು. ಅಲ್ಲಿ ನೀರಾ ಹೊಳೆಯ ಕಾಲುವೆಯನ್ನು ತೋಡಿದ್ದೇ ಬರದಿಂದ ಕಾಪಾಡಲೆಂದು. ಆದರೆ ಮಳೆ ಚೆನ್ನಾಗಿ ಬಂದ ವರ್ಷ ಕಾಲುವೆ ನೀರನ್ನು ಕೇಳುವವರಿಲ್ಲ. ಬರ ಬಂದ ವರ್ಷ ಎಲ್ಲರೂ ಕೇಳುವವರೇ. ಕಾಲುವೆಯ ತಲೆಯ ಕಡೆಯವರು ಕಬ್ಬಿಗೆ ನೀರು ಕಟ್ಟಿದರೆ ಬಾಲದ ಕಡೆಯವರಿಗೆ ಬರೀ ಕಾಲುವೆ. ಹೆಚ್ಚು ನೀರು ಕುಡಿದ ಜಮೀನು ಜೌಗಾಯಿತು, ಸೊಳ್ಳೆ, ಚಳಿಜ್ವರ ಹೆಚ್ಚಿತು.

ಅವರು ಬ್ಲಾಕ್ ಪದ್ಧತಿ ತಂದರು. ಊರಿಗೆ ಇಂತಿಷ್ಟು ಎಂದು ಒಳ್ಳೆಯ ಮಣ್ಣಿನ ಜಮೀನನ್ನು ಒಂದು ತಾಕಾಗಿ ಗುರುತಿಸುವುದು. ಅದರಲ್ಲಿ ಮೂರರಲ್ಲೊಂದು ಭಾಗ ಕಬ್ಬು, ಒಂದು ಭಾಗ ಭತ್ತ, ಒಂದು ಭಾಗ ಮಳೆಗಾಲದ ಒಣ ಬೆಳೆ. ವರ್ಷ ವರ್ಷ ಬೆಳೆ ಬದಲಾಯಿಸುತ್ತ ಹೋಗುವುದು. ಹೀಗೆ ಮಾಡಿದರೆ ಅದೇ ನೀರು ಹೆಚ್ಚು ಊರುಗಳಿಗೆ ಮುಟ್ಟುತ್ತದೆ, ನೆಲವೂ ಕೆಡುವುದಿಲ್ಲ. ಮೊದಲು ರೈತರಿಗೆ ಅನುಮಾನವಿತ್ತು. ಕಬ್ಬಿನ ಲಾಭ ಕಂಡವರು ಸುಲಭವಾಗಿ ಒಪ್ಪುವುದುಂಟೇ? ಸರ್ಕಾರದ ನೀರಾವರಿ ಆಯೋಗ ಈ ಪದ್ಧತಿಯನ್ನು ಮೆಚ್ಚಿತು. ಬರಕ್ಕೆ ಸಿದ್ಧತೆ ಎಂದರೆ ನೀರು ಶೇಖರಿಸುವುದಷ್ಟೇ ಅಲ್ಲ, ಒಳ್ಳೆಯ ವರ್ಷದಲ್ಲೇ ಹಂಚಿಕೆಯ ಕಟ್ಟುಪಾಡು ಮಾಡಿಕೊಳ್ಳುವುದು ಎಂಬುದನ್ನು ಆ ಪದ್ಧತಿ ಆಚರಣೆಯಲ್ಲೇ ತೋರಿಸಿತು.

ಮೂಸಿ ಉಕ್ಕಿದ ರಾತ್ರಿ

1908ರ ಹೊತ್ತಿಗೆ ಅವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಯೂರೋಪಿನ ಪ್ರವಾಸಕ್ಕೆ ಹೊರಟಿದ್ದರು. ಅಲ್ಲಿರುವಾಗಲೇ ಹೈದರಾಬಾದ್ ನಿಜಾಮರ ಸರ್ಕಾರದಿಂದ ಕರೆ ಬಂತು. ಕಾರಣ ಮೂಸಿ ಹೊಳೆ.

ಮೂಸಿ ದೊಡ್ಡ ಹೊಳೆಯೇನಲ್ಲ. ವಿಕಾರಾಬಾದಿನ ಹತ್ತಿರದ ಅನಂತಗಿರಿ ಗುಡ್ಡಗಳಲ್ಲಿ ಹುಟ್ಟಿ, ಹೈದರಾಬಾದ್ ನಗರದ ನಡುವೆ ಹರಿದು, ಮುಂದೆ ಕೃಷ್ಣೆಯನ್ನು ಸೇರುತ್ತದೆ. ನಗರಕ್ಕೆ ಸ್ವಲ್ಪ ಮೇಲೆ ಈಸಿ ಎಂಬ ಇನ್ನೊಂದು ಹಳ್ಳ ಅದಕ್ಕೆ ಕೂಡುತ್ತದೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರೂ ಇರದ ಹೊಳೆ ಅದು. ಅದಕ್ಕೂ ಹಿಂದೆ ಹಲವು ಸಲ ಉಕ್ಕಿ ಹಾನಿ ಮಾಡಿತ್ತು. 1903ರಲ್ಲೂ ಬಂದಿತ್ತು. ಪ್ರತಿ ಸಲವೂ ನೀರು ಇಳಿದ ಮೇಲೆ ಜನ ಮತ್ತೆ ಅದೇ ದಡದಲ್ಲಿ ಮನೆ ಕಟ್ಟಿಕೊಂಡರು.

1908ರ ಸೆಪ್ಟೆಂಬರ್ ಕೊನೆಯಲ್ಲಿ ಆ ಸೀಮೆಯ ಮೇಲೆ ಮಳೆ ಕವುಚಿ ಬಿತ್ತು. ಶಂಷಾಬಾದಿನಲ್ಲಿ ಒಂದೇ ಹಗಲು ರಾತ್ರಿಯಲ್ಲಿ 12.8 ಅಂಗುಲ, ಎರಡು ದಿನದಲ್ಲಿ ಸುಮಾರು 19 ಅಂಗುಲ ಮಳೆಯ ಅಳತೆ ಸಿಕ್ಕಿತು. ಒಂದು ಅಂಗುಲ ಮಳೆ ಎಂದರೆ ಒಂದು ಎಕರೆಗೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು ನೀರು. ಹನ್ನೆರಡು ಅಂಗುಲವೆಂದರೆ ಎಕರೆಗೆ ಹನ್ನೆರಡು ಲಕ್ಷ ಲೀಟರಿನ ಮೇಲೆ. ನಗರದ ಕಡೆಗೆ ನೀರು ಇಳಿಸುವ ಸೀಮೆಯ ವಿಸ್ತಾರ 860 ಚದರ ಮೈಲಿ, ಅಂದರೆ ಐದೂವರೆ ಲಕ್ಷ ಎಕರೆ. ಎಲ್ಲ ಕಡೆ ಶಂಷಾಬಾದಿನಷ್ಟೇ ಮಳೆ ಬಿದ್ದಿತೆಂದಲ್ಲ. ಆದರೂ ನೀರು ಎಷ್ಟಾಗಿರಬಹುದು ಎಂದು ಇದರಿಂದ ಊಹಿಸಬಹುದು.

ಸೆಪ್ಟೆಂಬರ್ 28ರ ಬೆಳಗಿನ ಜಾವಕ್ಕೆ ಹೊಳೆ ನಗರಕ್ಕೆ ನುಗ್ಗಿತು. ಸೇತುವೆಗಳ ಮೇಲೆ ನೀರು ಹರಿಯಿತು. ತಗ್ಗಿನ ಕೇರಿಗಳು ಮನುಷ್ಯರ ಸಮೇತ ಕೊಚ್ಚಿಹೋದವು. ಅಫ್ಜಲ್‌ಗಂಜಿನ ತೋಟದ ಒಂದು ಹುಣಸೆಮರ ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಆ ಮರ ಇಂದಿಗೂ ಅಲ್ಲಿ ನಿಂತಿದೆ. ಹತ್ತೊಂಬತ್ತು ಸಾವಿರ ಮನೆ ಬಿದ್ದವು, ಎಂಬತ್ತು ಸಾವಿರ ಜನ ನಿರ್ಗತಿಕರಾದರು ಎಂದು ಲೆಕ್ಕ. ಸತ್ತವರು ಹತ್ತರಿಂದ ಹದಿನೈದು ಸಾವಿರ ಎಂಬ ಅಂದಾಜಿದೆ. ಸರಿಯಾದ ಎಣಿಕೆ ಯಾರಿಂದಲೂ ಆಗಲಿಲ್ಲ.

ನಿಜಾಮ್ ಮಹಬೂಬ್ ಅಲಿ ಖಾನರು ಅರಮನೆಯ ಬಾಗಿಲು ತೆರೆಸಿ ಜನರಿಗೆ ಅನ್ನ, ನೆರಳು ಕೊಡಿಸಿದರು. ಅದಾದ ಮೇಲೆ ಮತ್ತೆ ಹೀಗಾಗದಂತೆ ಏನು ಮಾಡಬೇಕು ಎಂಬ ಪ್ರಶ್ನೆಗೆ ವಿಶ್ವೇಶ್ವರಯ್ಯನವರನ್ನು ಕರೆಸಿದರು. 1909ರ ಏಪ್ರಿಲ್‌ನಲ್ಲಿ ಅವರು ಹೈದರಾಬಾದಿಗೆ ಬಂದು ಇಳಿದರು.

ಒಡೆದ 221 ಕೆರೆಗಳು

ನಗರದಲ್ಲಿ ಎಲ್ಲರೂ ಮಾತಾಡುತ್ತಿದ್ದದ್ದು ಹೊಳೆಯ ಬಗ್ಗೆ. ದಡ ಎತ್ತರಿಸಬೇಕು, ಹೊಳೆಯ ಪಾತ್ರ ಅಗಲ ಮಾಡಬೇಕು ಎಂಬ ಸಲಹೆಗಳು. ಅವರು ಹೊಳೆಯ ಮೇಲ್ಗಡೆಗೆ ನಡೆದರು. ಆ 860 ಚದರ ಮೈಲಿಯಲ್ಲಿ ಎಷ್ಟು ಕೆರೆಗಳಿವೆ ಎಂದು ಲೆಕ್ಕ ತೆಗೆಸಿದರು. ಕೆರೆಗಳು 788. ಹೆಚ್ಚು ಕಡಿಮೆ ಚದರ ಮೈಲಿಗೊಂದು ಕೆರೆ. ನಮ್ಮ ಕೋಲಾರ, ತುಮಕೂರಿನ ಕಡೆಯ ನೋಟವೇ ಅದು ಎಂದುಕೊಳ್ಳಿ. ಆ 788ರಲ್ಲಿ 221 ಕೆರೆಗಳು ಆ ಮಳೆಗೆ ಒಡೆದಿದ್ದವು. ಈಸಿ ಹಳ್ಳದ ಸೀಮೆಯಲ್ಲಿ 182, ಮೂಸಿಯ ಸೀಮೆಯಲ್ಲಿ 39.

ಕೆರೆಯ ಸರಪಳಿ ಹೇಗೆ ಒಡೆಯುತ್ತದೆ ಎಂಬುದನ್ನು ನೀರಗಂಟಿಗಳ ಮನೆತನದವರಿಗೆ ವಿವರಿಸಬೇಕಾಗಿಲ್ಲ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ. ಅದರ ಕೋಡಿ ಇನ್ನೊಂದಕ್ಕೆ. ಪ್ರತಿ ಕೆರೆಯ ಕೋಡಿಯೂ ತನ್ನ ಪಾಲಿನ ಮಳೆನೀರನ್ನು ಸಾಗಿಸುವಷ್ಟು ಅಗಲ ಇರುತ್ತದೆಯೇ ಹೊರತು, ಮೇಲಿನ ಕೆರೆ ಪೂರ್ತಿ ಒಡೆದು ಬಂದರೆ ತಡೆಯುವಷ್ಟಲ್ಲ. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಆಚೆ ಬದಿಗೆ ಬಿತ್ತೆಂದರೆ ಮುಗಿಯಿತು. ಮೊದಲು ಸಣ್ಣ ಕೊರಕಲು, ಆಮೇಲೆ ಗಾಡಿ ಹೋಗುವಷ್ಟು ಬಿರುಕು, ಸ್ವಲ್ಪ ಹೊತ್ತಿನಲ್ಲೇ ಏರಿಯೇ ಇಲ್ಲ. ಆ ನೀರು ಕೆಳಗಿನ ಕೆರೆಯನ್ನು ಹಿಡಿಯುತ್ತದೆ. ಹೀಗೆ ಇಡೀ ಸರಪಳಿ. ಎರಡು ದಿನದಲ್ಲಿ ಮೆಲ್ಲಗೆ ಹರಿದುಹೋಗಬೇಕಾಗಿದ್ದ ನೀರು ಕೆಲವೇ ಗಂಟೆಗಳಲ್ಲಿ ಗೋಡೆಯ ಹಾಗೆ ಬರುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಮಳೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಮುಂಗಾರು ಮುಗಿಯುವ ಹೊತ್ತಿಗೆ ಕೆರೆಗಳು ಸಾಮಾನ್ಯವಾಗಿ ತುಂಬಿರುತ್ತವೆ. ರೈತ ಅದನ್ನು ನೋಡಿ ಸಂತೋಷಪಡುತ್ತಾನೆ. ಆದರೆ ತುಂಬಿದ ಕೆರೆಗೆ ಇನ್ನೊಂದು ಮಳೆ ಹಿಡಿಯುವ ಜಾಗವಿಲ್ಲ. ನಮ್ಮ ಉತ್ತರ ಕರ್ನಾಟಕಕ್ಕೆ 2009ರಲ್ಲಿ ಬಂದ ಮಹಾ ನೆರೆಯೂ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳದ್ದೇ.

ಹೊಳೆಯಲ್ಲಿ ಆ ದಿನ ಹರಿದ ನೀರಿನ ಗರಿಷ್ಠ ವೇಗವನ್ನು ಅವರು ಸೆಕೆಂಡಿಗೆ 4,25,000 ಘನ ಅಡಿ ಎಂದು ಲೆಕ್ಕ ಕಟ್ಟಿದರು. ಇಂದು ಕನ್ನಂಬಾಡಿಯಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರೇ ರಂಗನತಿಟ್ಟಿನ ದಿಬ್ಬಗಳು ಮುಳುಗಿ, ಶ್ರೀರಂಗಪಟ್ಟಣದ ಸುತ್ತಿನ ಗದ್ದೆಗಳಿಗೆ ನೀರು ನುಗ್ಗುತ್ತದೆ. ಅದರ ನಾಲ್ಕು ಪಟ್ಟಿಗೂ ಹೆಚ್ಚು ನೀರು ಮೂಸಿಯಂಥ ಸಣ್ಣ ಹೊಳೆಯಲ್ಲಿ, ಜನ ಕಿಕ್ಕಿರಿದ ನಗರದ ನಡುವೆ.

ಮುಂದೆ ಇದಕ್ಕಿಂತ ದೊಡ್ಡ ಮಳೆ ಬರಬಹುದೇ ಎಂಬುದು ಮುಖ್ಯ ಪ್ರಶ್ನೆ. ಹೈದರಾಬಾದಿನಲ್ಲಿ ಮಳೆಯ ಹಳೆಯ ಅಳತೆಗಳು ಸಾಲದಾಗಿದ್ದವು. ಆದ್ದರಿಂದ ಮುಂಬಯಿ, ಮದ್ರಾಸು ಪ್ರಾಂತಗಳ ಮಳೆಯ ದಾಖಲೆಗಳನ್ನೂ ತರಿಸಿ ನೋಡಿದರು. ನಮ್ಮ ಊರಲ್ಲಿ ಅಷ್ಟು ಮಳೆ ಯಾವತ್ತೂ ಬಂದಿಲ್ಲ ಎಂಬ ಮಾತನ್ನು ಅವರು ಆಧಾರವಾಗಿ ಹಿಡಿಯಲಿಲ್ಲ. ಪಕ್ಕದ ಸೀಮೆಗೆ ಬಂದ ಮಳೆ ನಾಳೆ ಇಲ್ಲಿಗೂ ಬರಬಹುದು ಎಂಬ ಎಣಿಕೆಯಿಂದ ಹೊರಟರು. ನಮ್ಮ ಹಳ್ಳಿಗಳ ಹಿರಿಯರ ನೆನಪು ದೊಡ್ಡದೇ. ಆದರೆ ಒಬ್ಬ ಮನುಷ್ಯನ ನೆನಪು ಅರವತ್ತು, ಎಪ್ಪತ್ತು ವರ್ಷ ಮೀರುವುದಿಲ್ಲ. ಮಳೆಯ ಲೆಕ್ಕ ಅದಕ್ಕಿಂತ ಉದ್ದ.

ತುಂಬಿಸಬೇಕೋ, ಖಾಲಿ ಇಡಬೇಕೋ

1909ರ ಅಕ್ಟೋಬರ್ ಮೊದಲಿಗೆ ಅವರು ವರದಿ ಒಪ್ಪಿಸಿದರು. ಆರು ತಿಂಗಳೂ ಹಿಡಿಯಲಿಲ್ಲ. ಅದರ ತಿರುಳು ಇಷ್ಟು: ನಗರವನ್ನು ಕಾಯಬೇಕಾದದ್ದು ನಗರದಲ್ಲಲ್ಲ, ಮೇಲ್ಗಡೆ. ಮೂಸಿಗೊಂದು, ಈಸಿಗೊಂದು ಜಲಾಶಯ ಕಟ್ಟಬೇಕು. ಪ್ರವಾಹ ಬಂದಾಗ ಅದು ಅಲ್ಲಿ ತಂಗಬೇಕು. ನಗರದ ಹೊಳೆಪಾತ್ರ ಅಪಾಯವಿಲ್ಲದೆ ಎಷ್ಟು ಸಾಗಿಸಬಲ್ಲದೋ ಅಷ್ಟನ್ನೇ ಬಿಡಬೇಕು. ಜೊತೆಗೆ ನಗರದೊಳಗೆ ದಡಗಳನ್ನು ಕಟ್ಟಿ, ದಡದ ತಗ್ಗು ಜಾಗವನ್ನು ಮನೆಗಳಿಗೆ ಬಿಡದೆ ತೋಟ, ರಸ್ತೆ ಮಾಡಬೇಕು. ಒಳಚರಂಡಿಗೂ ಪ್ರತ್ಯೇಕ ಯೋಜನೆ ಕೊಟ್ಟರು.

ಇಲ್ಲಿ ಒಂದು ತೊಡಕಿದೆ. ನೆರೆ ತಡೆಯಬೇಕಾದ ಜಲಾಶಯದಲ್ಲಿ ಸ್ವಲ್ಪ ಜಾಗ ಸದಾ ಖಾಲಿ ಇರಬೇಕು. ಕುಡಿಯುವ ನೀರಿಗೂ ಬೇಸಾಯಕ್ಕೂ ಬೇಕಾದ ಜಲಾಶಯ ತುಂಬಿರಬೇಕು. ಒಂದೇ ಕಟ್ಟೆಯಿಂದ ಎರಡೂ ಆಗಬೇಕಾದರೆ ಕಟ್ಟೆಯನ್ನು ನೀರಿನ ಅಗತ್ಯಕ್ಕಿಂತ ಎತ್ತರವಾಗಿ ಕಟ್ಟಿ, ಮೇಲಿನ ಭಾಗವನ್ನು ನೆರೆಗೆಂದೇ ಬಿಟ್ಟಿರಬೇಕು. ಅದಕ್ಕೆ ಖರ್ಚು ಹೆಚ್ಚು. ನೆರೆ ಬಾರದ ಇಪ್ಪತ್ತು ವರ್ಷ ಆ ಖಾಲಿ ಜಾಗ ದಂಡವಾಗಿ ಕಾಣುತ್ತದೆ. ಲೆಕ್ಕಪತ್ರದವರು ಕೇಳುತ್ತಾರೆ, ಅಚ್ಚುಕಟ್ಟಿನ ರೈತರೂ ಕೇಳುತ್ತಾರೆ. ಈ ಜಗಳ ಹೈದರಾಬಾದಿನದ್ದು ಮಾತ್ರವಲ್ಲ. ಆಲಮಟ್ಟಿಯಿರಲಿ, ತುಂಗಭದ್ರೆಯಿರಲಿ, ಪ್ರತಿ ಮಳೆಗಾಲದ ಕೊನೆಗೆ ಕಟ್ಟೆಯ ಮೇಲೆ ಕೂತ ಎಂಜಿನಿಯರನ ತಲೆನೋವು ಇದೇ. ವಿಶ್ವೇಶ್ವರಯ್ಯನವರು ಆ ಖಾಲಿ ಜಾಗದ ಖರ್ಚನ್ನು ಮುಚ್ಚಿಡದೆ ಯೋಜನೆಯಲ್ಲೇ ಸೇರಿಸಿದರು ಎಂಬುದು ನಮಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕಟ್ಟೆಗಳು ಎದ್ದಾಗ ಅವರು ಅಲ್ಲಿರಲಿಲ್ಲ. 1911ರಲ್ಲಿ ಪಟ್ಟಕ್ಕೆ ಬಂದ ನಿಜಾಮ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಕೆಲಸ ನಡೆಯಿತು. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನಗರಕ್ಕೆ ಕುಡಿಯುವ ನೀರೂ ಅಲ್ಲಿಂದಲೇ ಬಂತು. 1908ರಂಥ ಪ್ರಳಯವನ್ನು ಮೂಸಿ ಹೈದರಾಬಾದಿಗೆ ಮತ್ತೆ ತಂದಿಲ್ಲ.

ಕನ್ನಂಬಾಡಿ, ಮಹಾನದಿ

1909ರ ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. 1912ರಿಂದ 1918ರವರೆಗೆ ದಿವಾನರು. ಕನ್ನಂಬಾಡಿಯ ಕಥೆ ಓದುಗರಿಗೆ ತಿಳಿದದ್ದೇ, ಆದ್ದರಿಂದ ಎರಡೇ ಮಾತು. ಎರಡೂವರೆ ಕೋಟಿ ರೂಪಾಯಿಯ ಆ ಯೋಜನೆಗೆ ಹಣಕಾಸಿನವರು ಹಿಂದೆಮುಂದೆ ನೋಡಿದರು. ಮದ್ರಾಸು ಸರ್ಕಾರ ಪೂರ್ತಿ ಎತ್ತರಕ್ಕೆ ಒಪ್ಪದೆ ಮೊದಲ ಹಂತಕ್ಕೆ ಮಾತ್ರ ಒಪ್ಪಿತು. ಅವರು ಮಾತ್ರ ಪೂರ್ತಿ ಎತ್ತರದ ಕಟ್ಟೆಯನ್ನು ಹೊರುವಷ್ಟು ಅಗಲಕ್ಕೆ ತಳಪಾಯ ಹಾಕಿಸಿಬಿಟ್ಟರು. ಬರ ಕಂಡ ಸಂಸ್ಥಾನಕ್ಕೆ ಕಾವೇರಿಯ ನೀರು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಉಳಿಯಬೇಕು ಎಂಬುದು ಅವರ ಹಟ. ಅಣೆಕಟ್ಟು ಪೂರ್ತಿಯಾಗಿ, ಕಾಲುವೆ ಮಂಡ್ಯದ ಬಯಲಿಗೆ ಹರಿದದ್ದು 1930ರ ದಶಕದ ಆರಂಭಕ್ಕೆ. ರಾಗಿ, ಹುರುಳಿಯ ನೆಲ ಭತ್ತ, ಕಬ್ಬಿನ ನೆಲವಾಯಿತು. ಹಳೆಯ ಕನ್ನಂಬಾಡಿ ಮತ್ತು ಸುತ್ತಿನ ಊರುಗಳ ಜನ ಮನೆ, ಜಮೀನು ನೀರಿಗೆ ಬಿಟ್ಟು ಹೊರಟದ್ದನ್ನೂ ಇದರ ಜೊತೆಗೇ ಹೇಳಬೇಕು. ಒಬ್ಬರ ಬರ ಕಳೆಯಲು ಇನ್ನೊಬ್ಬರು ತೆತ್ತ ಬೆಲೆ ಅದು.

ಕೆಲಸದಿಂದ ನಿವೃತ್ತರಾದ ಮೇಲೂ ನೆರೆ ಅವರನ್ನು ಬಿಡಲಿಲ್ಲ. ಒರಿಸ್ಸಾದ ಮಹಾನದಿ ಮುಖಜ ಭೂಮಿಯಲ್ಲಿ ವರ್ಷ ಬಿಟ್ಟು ವರ್ಷ ಭತ್ತದ ಬೆಳೆ ಕೊಚ್ಚಿಹೋಗುತ್ತಿತ್ತು. 1937ರಲ್ಲಿ, ಗಾಂಧೀಜಿಯವರ ಇಚ್ಛೆಯಂತೆ, ಅವರು ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ ಆ ಸೀಮೆಯನ್ನು ನೋಡಿ ವರದಿ ಕೊಟ್ಟರು. ಅಲ್ಲೂ ಅವರ ಬೆರಳು ಮೇಲ್ಗಡೆಗೇ. ಕೆಳಗಿನ ಒಡ್ಡುಗಳ ಮಾತಷ್ಟೇ ಸಾಲದು, ಇಡೀ ನದಿಯ ಸೀಮೆಯನ್ನು ವಿವರವಾಗಿ ಸರ್ವೆ ಮಾಡಿ ಮೇಲ್ಭಾಗದಲ್ಲಿ ಜಲಾಶಯಗಳಿಗೆ ಜಾಗ ಹುಡುಕಬೇಕು ಎಂಬುದು ಅವರ ಸಲಹೆ. 1957ರಲ್ಲಿ ಉದ್ಘಾಟನೆಯಾದ ಹಿರಾಕುಡ್ ಅಣೆಕಟ್ಟು ಆ ಯೋಚನೆಯ ದಾರಿಯಲ್ಲೇ ಬಂದದ್ದು. ಅಲ್ಲಿ ಮನೆಮಠ ಕಳೆದುಕೊಂಡವರು ಲಕ್ಷಕ್ಕೂ ಹೆಚ್ಚು.

ಪಾನ್‌ಶೆಟ್

ಭಾರತ ರತ್ನ ಅವರಿಗೆ 1955ರಲ್ಲಿ ಬಂತು. ನೂರರ ಅಂಚಿನಲ್ಲಿ ಬೆಂಗಳೂರಿನಲ್ಲಿದ್ದಾಗ, ಅವರು ಹಿಂದೆ ಬಾಗಿಲು ಕೂರಿಸಿದ್ದ ಖಡಕವಾಸಲಾದಿಂದಲೇ ಒಂದು ದುರ್ವಾರ್ತೆ ಹೊರಟಿತು. ಖಡಕವಾಸಲಾದ ಮೇಲ್ಗಡೆ, ಮೂಠಾಕ್ಕೆ ಸೇರುವ ಅಂಬಿ ಹೊಳೆಗೆ ಪಾನ್‌ಶೆಟ್ ಎಂಬಲ್ಲಿ ಹೊಸದಾಗಿ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದರು. ಕೆಲಸ ಪೂರ್ತಿ ಮುಗಿಯುವ ಮುಂಚೆಯೇ ಮಳೆಗಾಲದ ನೀರು ತುಂಬಿತು. 1961ರ ಜುಲೈ 12ರ ಬೆಳಿಗ್ಗೆ ಅದು ಒಡೆಯಿತು. ಆ ನೀರೆಲ್ಲ ಬಂದು ಹಳೆಯ ಖಡಕವಾಸಲಾಕ್ಕೆ ಬಿತ್ತು. ಎಂಟು ದಶಕ ನಿಂತಿದ್ದ ಕಲ್ಲಿನ ಕಟ್ಟೆ ಕೆಲವು ಗಂಟೆ ತಡೆದು, ಅದೇ ದಿನ ಅದೂ ಒಡೆಯಿತು. ಪುಣೆ ನಗರದ ಹೊಳೆದಂಡೆ ಮುಳುಗಿತು. ಸತ್ತವರು ಸಾವಿರದ ಆಸುಪಾಸು ಎನ್ನುತ್ತಾರೆ.

ಮೂಸಿಯ ಸೀಮೆಯ ಕೆರೆಗಳಿಗೆ ಆದದ್ದೇ ಇಲ್ಲಿ ಎರಡು ದೊಡ್ಡ ಅಣೆಕಟ್ಟುಗಳಿಗೆ ಆಯಿತು. ಮೇಲಿನದು ಒಡೆದರೆ ಕೆಳಗಿನದಕ್ಕೆ ಎಷ್ಟೇ ಒಳ್ಳೆಯ ಬಾಗಿಲು ಇದ್ದರೂ ತಡೆಯದು. ಕೆಳಗಿನ ಕಟ್ಟೆಯ ಜವಾಬ್ದಾರಿ ಹೊತ್ತವರು ಮೇಲಿನ ಕಟ್ಟೆಯ ಮೇಲೂ ಕಣ್ಣಿಟ್ಟಿರಬೇಕಾದ ಕಾರಣ ಇದು. ನಮ್ಮ ಹಳ್ಳಿಗಳಲ್ಲಿ ಮೇಲಿನ ಊರಿನ ಕೆರೆ ಆ ಊರಿನವರ ತಲೆನೋವು ಎಂದು ಬಿಟ್ಟುಬಿಡುವುದುಂಟು. ಆ ಕೆರೆಯ ಏರಿಯ ಮೇಲೆ ಬೆಳೆದ ಜಾಲಿ, ಬೇರು ಕೊಳೆತು ಬಿದ್ದ ತೂತು, ಹೆಗ್ಗಣ ತೋಡಿದ ಬಿಲ, ದನ ಹತ್ತಿಳಿದು ತಗ್ಗಾದ ಜಾಗ, ಅರ್ಧ ಮುಚ್ಚಿಹೋದ ಕೋಡಿಹಳ್ಳ ಇವೆಲ್ಲ ಕೆಳಗಿನ ಊರಿನ ಗದ್ದೆಗೇ ಬರುವ ಆಪತ್ತು. ಹಿಂದೆ ಕೆರೆಯ ಕೆಲಸಕ್ಕೆ ಊರಿನವರೇ ಆಳು ಕೊಡುವ ಪದ್ಧತಿ ಇತ್ತು, ನೀರಗಂಟಿಗೆ ಇನಾಮು ಇತ್ತು. ಅವು ಹೋದ ಮೇಲೆ ಆ ಜಾಗದಲ್ಲಿ ಗಟ್ಟಿಯಾದ ಇನ್ನೊಂದು ಏರ್ಪಾಡು ಬಹಳ ಊರುಗಳಲ್ಲಿ ಬರಲೇ ಇಲ್ಲ.

ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಈಗ ಅವರ ಸ್ಮಾರಕವಿದೆ.

ಹೈದರಾಬಾದಿನ ಎರಡು ಸಾಗರಗಳೂ ಈಗಲೂ ಇವೆ. ಅವುಗಳಿಗೆ ನೀರು ಬರುವ ಸೀಮೆಯಲ್ಲಿ ಕಟ್ಟಡ ಏಳದಂತೆ 1996ರಲ್ಲಿ ಸರ್ಕಾರಿ ಆಜ್ಞೆ ಹೊರಟಿತು. ಆ ನಿರ್ಬಂಧವನ್ನು ತೆಗೆಯುವ ಆಜ್ಞೆ 2022ರಲ್ಲಿ ಬಂತು, ಅದರ ಮೇಲೆ ವಾದವಿವಾದವೂ ಆಯಿತು. ಆದರೆ ನಗರದ ಸುತ್ತಿನ ಸಣ್ಣ ಕೆರೆಗಳ ಲೆಕ್ಕ ಬೇರೆ. ನಗರ ಬೆಳೆಯುತ್ತ ಬಂದಂತೆ ಎಷ್ಟೋ ಕೆರೆಗಳ ಅಂಗಳದಲ್ಲಿ ಮನೆಗಳೆದ್ದವು, ಕೋಡಿಹಳ್ಳಗಳು ಚರಂಡಿಯಷ್ಟು ಕಿರಿದಾದವು. 2020ರ ಅಕ್ಟೋಬರ್ ಮಧ್ಯದಲ್ಲಿ, ಕೆರೆಗಳು ತುಂಬಿದ್ದ ಹೊತ್ತಿನಲ್ಲೇ, ಒಂದು ರಾತ್ರಿ ಜೋರು ಮಳೆ ಹೊಯ್ಯಿತು. ಕೆಲವು ಕೆರೆಗಳ ಏರಿ ಒಡೆದು ಬಡಾವಣೆಗಳಿಗೆ ನೀರು ನುಗ್ಗಿತು, ಜನ ಸತ್ತರು. ಒಡೆದವುಗಳಲ್ಲಿ ಒಂದು, ಶಂಷಾಬಾದಿಗೆ ಹೋಗುವ ಹೆದ್ದಾರಿಯ ಪಕ್ಕದ ಕೆರೆ.